ಕ್ಯೋಟೋದ ಹೆಸರುವಾಸಿ ಹೋಟೆಲಿನ ಊಟ ರುಚಿಸಲಿಲ್ಲ, ಎಲ್ಲಿ ತಪ್ಪಿತು?

ಮಡಿಕೇರಿ ಮಳೆ:
ಜಪಾನಿನ ಕ್ಯೋಟೋದ ಹಳೇ ಕಾಲದ, ದೊಡ್ಡ ಹೆಸರಿನ ಹೋಟೆಲಲ್ಲಿ ಮಧ್ಯಾಹ್ನದ ಕೈಸೆಕಿ, ಅಂದರೆ ಹಲವು ಬಗೆ ಬಡಿಸುವ ಅಲ್ಲಿನ ಸಾಂಪ್ರದಾಯಿಕ ಊಟ. ಸೂಪು ಉಗುರುಬೆಚ್ಚಗೆ, ತರಕಾರಿ ತಣ್ಣಗೆ, ಹಿಟ್ಟಲ್ಲಿ ಅದ್ದಿ ಕರಿದು ಮುಚ್ಚಳದ ಡಬ್ಬಿಯಲ್ಲಿ ತಂದ ಟೆಂಪುರಾ ಮೆತ್ತಗೆ. ಖಾರ ಇಲ್ಲವೇ ಇಲ್ಲ, ಅನ್ನ ಕಟ್ಟಕಡೆಗೆ. ಇದು ಅಲ್ಲಿನ ಪದ್ಧತಿಯೋ, ಅಡುಗೆಯ ತಪ್ಪೋ? ಅಪ್ಪ ಅಮ್ಮನ ಜೊತೆ ಮತ್ತೆ ಹೋಗುವುದಿದೆ. ಅಮ್ಮ ಮೀನು ತಿನ್ನಲ್ಲ.

ಗೋಣಿಕೊಪ್ಪ ಒಲೆ:
ಅನ್ನ, ಮಿಸೊ ಸೂಪು, ಉಪ್ಪಿನಕಾಯಿ ಕೊನೆಗೆ ಬರುವುದೇ ಕೈಸೆಕಿಯ ಕ್ರಮ. ಬೇಯಿಸಿದ ತರಕಾರಿಯನ್ನು ಬೇಕೆಂದೇ ತಣ್ಣಗಾಗಿಸಿ ಬಡಿಸುವುದೂ ಉಂಟು, ಆರುವಾಗ ರಸ ಒಳಗಿಳಿಯುತ್ತದೆ. ಇವೆರಡನ್ನು ತಪ್ಪೆನ್ನಬೇಡಿ.

ಸೂಪಿನದು ಮಾತ್ರ ಖಂಡಿತ ತಪ್ಪು. ಅರಗಿನ ಬಟ್ಟಲಿನ ಅಂಚನ್ನು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿ ಮುಚ್ಚಳ ತೆಗೆದರೆ ಹಬೆಯ ಜೊತೆ ಯುಝು ಎಂಬ ನಿಂಬೆಜಾತಿಯ ಹಣ್ಣಿನ ಸಿಪ್ಪೆಯ ಘಮ ಮುಖಕ್ಕೆ ಬಡಿಯಬೇಕು. ಹಬೆಯೇ ಏಳದಿದ್ದರೆ ಸೂಪು ಬಡಿಸಿಟ್ಟು ಬಹಳ ಹೊತ್ತಾಗಿದೆ ಎಂದರ್ಥ. ಎಷ್ಟೇ ಹೆಸರಿದ್ದರೂ ಅದನ್ನು ಒಪ್ಪಬಾರದು.

ಟೆಂಪುರಾ ಎಣ್ಣೆಯಿಂದ ತೆಗೆದ ಕೆಲವೇ ನಿಮಿಷದಲ್ಲಿ ತಿನ್ನಬೇಕಾದದ್ದು. ಡಬ್ಬಿ ಮುಚ್ಚಿದರೆ ಒಳಗಿನ ಹಬೆಗೇ ಹೊರಪದರ ಮೆತ್ತಗಾಗುತ್ತದೆ, ಯಾರು ಕರಿದರೂ ಅಷ್ಟೇ.

ಕುಶಾಲನಗರ ಅಡುಗೆಮನೆ:
ಸಪ್ಪೆ ಅನಿಸಿತೋ, ಕಹಿ ಅನಿಸಿತೋ ನೆನಪು ಮಾಡಿಕೊಳ್ಳಿ. ಸೂಪಿನ ಜೀವ ಡಾಶಿ, ಅಂದರೆ ಕಡಲಪಾಚಿ, ಒಣಮೀನಿನಿಂದ ತೆಗೆದ ತಿಳಿ ರಸ. 1 ಲೀಟರ್ ನೀರಿಗೆ ಕೊಂಬು ಎಂಬ ಒಣ ಕಡಲಪಾಚಿ ಸುಮಾರು 10 ಗ್ರಾಂ. 60 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಪಾಚಿ ತೆಗೆದು, 80-85 ಡಿಗ್ರಿಗೆ ಬಂದಾಗ ಕತ್ಸುಒಬುಶಿ 25-30 ಗ್ರಾಂ ಹಾಕಿ, ಒಂದು ನಿಮಿಷದೊಳಗೆ ಬಟ್ಟೆಯಲ್ಲಿ ಸೋಸಬೇಕು. ಕತ್ಸುಒಬುಶಿ ಅಂದರೆ ನಮ್ಮಲ್ಲಿ ಒಲೆ ಮೇಲೆ ಹೊಗೆಗೆ ತೂಗುಹಾಕುವ ಮಾಂಸದ ಹಾಗೆ ಹೊಗೆಯಲ್ಲಿ ಒಣಗಿಸಿ, ಕಾಗದದಷ್ಟು ತೆಳ್ಳಗೆ ಹೆರೆದ ಮೀನು. ಕೊಂಬು ಕುದಿದರೆ ಲೋಳೆ, ಒಗರು ಬರುತ್ತದೆ. ಸೋಸುವಾಗ ಬಟ್ಟೆ ಹಿಂಡಿದರೆ ಡಾಶಿ ಕದಡಿ ಮೀನಿನ ವಾಸನೆ ಹೊಡೆಯುತ್ತದೆ. ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಒಂದು ಚಮಚ ಹೆಚ್ಚಾದರೆ ನಮ್ಮ ಹಂದಿಮಾಂಸದ ಪಂದಿಕರಿ ಪೂರ್ತಿ ಕೆಡುವ ಹಾಗೆ, ಇಲ್ಲಿ ಒಂದು ಕುದಿಗೆ ಎಲ್ಲ ಹೋಗುತ್ತದೆ.

1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಉಮಾಮಿ, ಅಂದರೆ ನಾಲಿಗೆ ಮೇಲೆ ಉಳಿಯುವ ಸಾರಿನಂಥ ರುಚಿಗೆ ಕಾರಣವಾದ ಗ್ಲುಟಮೇಟ್ ಬೇರ್ಪಡಿಸಿದ್ದು ಈ ಕೊಂಬಿನಿಂದಲೇ. ಉಪ್ಪು ಲೀಟರಿಗೆ 7-8 ಗ್ರಾಂ ಅಷ್ಟೇ, ಹಾಗಾಗಿ ಮೊದಲ ಗುಟುಕು ನಮಗೆ ಸಪ್ಪೆ. ಮೂರನೇ ಗುಟುಕಿಗೂ ನಾಲಿಗೆ ಮೇಲೆ ಏನೂ ಉಳಿಯದಿದ್ದರೆ ಡಾಶಿಯೇ ತೆಳು.

ವಿರಾಜಪೇಟೆ ಪಯಣ:
ಅಮ್ಮನಿಗೆ ಮೀನಿನ ತುಂಡು ಬೇಡ ಅಂದರೆ ಸಾಲದು. ತರಕಾರಿ ಬೇಯುವುದು, ಟೆಂಪುರಾ ಅದ್ದುವ ರಸ ಮಾಡುವುದು ಎಲ್ಲ ಮೀನಿನ ಡಾಶಿಯಲ್ಲೇ. ‘ಮೀನಿನ ಡಾಶಿಯೂ ಬೇಡ’ ಅಂತ ಬುಕಿಂಗ್ ಮಾಡುವಾಗಲೇ ಬರೆಯಿರಿ, ಅಲ್ಲಿ ಹೋಗಿ ಕೂತ ಮೇಲೆ ಹೇಳಿದರೆ ಬದಲಿಸಲು ಆಗುವುದಿಲ್ಲ. ಅದಕ್ಕಿಂತ ಶೋಜಿನ್ ರ್‍ಯೋರಿ ಹುಡುಕುವುದು ಒಳ್ಳೆಯದು. ಬೌದ್ಧ ಮಠಗಳ ಅಡುಗೆ ಅದು, ಡಾಶಿಗೆ ಕೊಂಬು ಮತ್ತು ಒಣ ಶಿಯಿಟಾಕೆ ಅಣಬೆ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಾನ್‌ಝೆಂಜಿ ದೇವಾಲಯದ ಸುತ್ತ ಸಿಗುವ ಯುದೋಫು, ಅಂದರೆ ಬಿಸಿನೀರಲ್ಲಿ ಕಾಯಿಸಿದ ಸೋಯಾ ಗಿಣ್ಣು, ಬರೀ ತೋಫು ಅಂತ ನಂಬಬೇಡಿ, ಅದ್ದುವ ರಸದಲ್ಲಿ ಮೀನು ಇರಬಹುದು.

ನಿಮಗೂ ಅಪ್ಪನಿಗೂ ಡಬ್ಬಿಯ ಬೆಂಟೊ ಬಿಟ್ಟು ಒಂದೊಂದಾಗಿ ಬಡಿಸುವ ಕೋರ್ಸ್ ಬುಕ್ ಮಾಡಿ. ಅಡುಗೆಯವರ ಎದುರಿನ ಕೌಂಟರ್ ಸೀಟು ಸಿಕ್ಕರೆ ಬಿಡಬೇಡಿ, ಕರಿದದ್ದು ಬಾಣಲೆಯಿಂದ ನೇರ ತಟ್ಟೆಗೆ. ಬಿಲ್ಲಿಗೆ 10-15% ಸರ್ವಿಸ್ ಚಾರ್ಜ್ ಸೇರಿಸುವ ಕಡೆಗಳಿವೆ, ಟಿಪ್ಸ್ ಬೇಡ. ಅಪ್ಪನಿಗೆ ಮಂಡಿನೋವಿದ್ದರೆ ಕುರ್ಚಿ, ಇಲ್ಲವೇ ಮೇಜಿನ ಕೆಳಗೆ ಕಾಲು ಇಳಿಬಿಡುವ ಗುಂಡಿ ಇರುವ ಹೊರಿಗೊತಾತ್ಸು ಕೇಳಿ. ಚಾಪೆ ಮೇಲೆ ಎರಡು ಗಂಟೆ ಕೂರುವುದು ಕಷ್ಟ.

ಮಡಿಕೇರಿ ಮಳೆ:
ಕಹಿ ಇರಲಿಲ್ಲ, ನಾಲಿಗೆ ಮೇಲೆ ಏನೂ ಉಳಿಯಲಿಲ್ಲ. ಹಾಗಾದರೆ ಡಾಶಿಯೇ ತೆಳು. ಶೋಜಿನ್ ಕಡೆಗೆ ಇವತ್ತೇ ಮೇಲ್ ಹಾಕುವೆ.