ಹಾಕಿ ಫೋಟೋದಲ್ಲಿ ಆಟಗಾರರು ಮಸುಕು, ಹಿಂದಿನ ಜನ ಸ್ಪಷ್ಟ. ಫೋಕಸ್ ಎಲ್ಲಿ ತಪ್ಪುತ್ತಿದೆ?

ಗೋಣಿಕೊಪ್ಪದಿಂದ:
ನಮಸ್ಕಾರ. ಕೊಡವ ಕೌಟುಂಬಿಕ ಹಾಕಿಯಲ್ಲಿ ನಮ್ಮ ಒಕ್ಕದ (ಮನೆತನದ) ತಂಡದ ಫೋಟೋ ತೆಗೆಯುವ ಕೆಲಸ ನನ್ನದು. ಕ್ಯಾಮೆರಾ ನಿಕಾನ್ ಡಿ7500, ಲೆನ್ಸ್ 200-500 ಎಂಎಂ. ನಿನ್ನೆ ಒಂದೇ ಮ್ಯಾಚಿಗೆ 900 ಫೋಟೋ ತೆಗೆದೆ, ಇಟ್ಟುಕೊಳ್ಳುವಂಥದ್ದು ನೂರೂ ಇಲ್ಲ. ಚೆಂಡಿನ ಜೊತೆ ಓಡುವವರು ಮಸುಕು, ಹಿಂದೆ ಕೂತ ಜನ ಸ್ಪಷ್ಟ. ಅಂಪೈರ್ ಅಡ್ಡ ಬಂದರೆ ಫೋಕಸ್ ಅವರ ಮೇಲೆ ಹೋಗಿ ಕೂರುತ್ತದೆ. ಎಎಫ್-ಸಿಯಲ್ಲೇ (ಓಡುವವರನ್ನು ಬಿಡದೆ ಫೋಕಸ್ ಮಾಡುವ ಮೋಡ್) ಇಟ್ಟಿದ್ದೇನೆ. ಫೋಕಸ್ ಏರಿಯಾ ಆಟೋ, ಶಟರ್ 1/500 ಸೆಕೆಂಡು. ನಮ್ಮ ತಂಡದಲ್ಲಿ ದೊಡ್ಡಪ್ಪನೂ ಎಂಟನೇ ಕ್ಲಾಸಿನ ತಂಗಿಯೂ ಒಟ್ಟಿಗೆ ಆಡುತ್ತಾರೆ. ಅವಳು ಅವರಿಗೆ ಪಾಸ್ ಕೊಟ್ಟದ್ದೇ ಕೈತಪ್ಪಿತು. ಲೆನ್ಸ್ ಹಾಳಾಗಿದೆಯಾ?

ಸೋಮವಾರಪೇಟೆಯಿಂದ:
ಒಮ್ಮೆ ಎಎಫ್ ಫೈನ್ ಟ್ಯೂನ್ (ಲೆನ್ಸಿನ ಫೋಕಸ್ ಹಿಂದೆ ಮುಂದೆ ಆಗುವುದನ್ನು ಕ್ಯಾಮೆರಾದಲ್ಲೇ ತಿದ್ದುವುದು) ಮಾಡಿ ನೋಡಿ. ನನ್ನ ಲೆನ್ಸ್ ಅದರಿಂದಲೇ ಸರಿಹೋಯಿತು.

ಮಡಿಕೇರಿಯಿಂದ:
ಫೈನ್ ಟ್ಯೂನ್‌ಗೆ ಈಗಲೇ ಕೈ ಹಾಕಬೇಡಿ. ಲೆನ್ಸ್ ತಪ್ಪಿದ್ದರೆ ಸುಮ್ನೆ ನಿಂತವರ ಫೋಟೋ ಕೂಡ ತಪ್ಪಬೇಕು, ಅಲ್ವಾ? ಮೊದಲು ಹಾಳಾದ 20 ಫೋಟೋ ಆರಿಸಿ, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಆಟಗಾರರನ್ನು ಬಿಡಿ, ಮೈದಾನದ ನೆಲ ನೋಡಿ. ನೆಲದ ಒಂದು ಪಟ್ಟಿ ಎಲ್ಲೋ ಸ್ಪಷ್ಟ ಇದ್ದರೆ ಫೋಕಸ್ ಅಲ್ಲಿಗೆ ಹೋಗಿದೆ ಎಂದರ್ಥ. ಎಲ್ಲೂ ಸ್ಪಷ್ಟ ಇಲ್ಲದಿದ್ದರೆ ಕ್ಯಾಮೆರಾ ಅಲುಗಿರಬಹುದು. ಮುಖ ಸ್ಪಷ್ಟ ಇದ್ದು ಸ್ಟಿಕ್, ಕಾಲು ಮಾತ್ರ ಮಸುಕಾದರೆ ಶಟರ್ ಸಾಲದು. ಮೂರಕ್ಕೂ ಮದ್ದು ಬೇರೆ ಬೇರೆ.

ಗೋಣಿಕೊಪ್ಪದಿಂದ:
ನೋಡಿದೆ ಅಣ್ಣ. 20ರಲ್ಲಿ 13ರಲ್ಲಿ ಆಟಗಾರರ ಹಿಂದಿನ ನೆಲ, ಇಲ್ಲವೇ ಜನ ಸ್ಪಷ್ಟ. ಐದರಲ್ಲಿ ಸ್ಟಿಕ್ ಮತ್ತು ಕಾಲು ಮಸುಕು. ಎರಡು ಗೊತ್ತಾಗಲಿಲ್ಲ.

ಮಡಿಕೇರಿಯಿಂದ:
ಹಾಗಾದರೆ ಲೆನ್ಸ್ ಬಗ್ಗೆ ಚಿಂತೆ ಬೇಡ. ಆಟೋ ಏರಿಯಾದಲ್ಲಿ ಯಾರನ್ನು ಹಿಡಿಯಬೇಕು ಎಂದು ಕ್ಯಾಮೆರಾ ತಾನೇ ತೀರ್ಮಾನ ಮಾಡುತ್ತದೆ. ಆಟ ನಿಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಆ ತೀರ್ಮಾನ ನೀವೇ ತೆಗೆದುಕೊಳ್ಳಿ.

ಒಬ್ಬರೇ ನಿಮ್ಮ ಕಡೆ ಓಡಿ ಬರುವಾಗ ಗ್ರೂಪ್ ಏರಿಯಾ ಇಡಿ. ಅದು ತನ್ನ ಫೋಕಸ್ ಪಾಯಿಂಟ್‌ಗಳ ಒಳಗೆ ಹತ್ತಿರ ಇರುವುದನ್ನು ಹಿಡಿಯುತ್ತದೆ, ಹಿಂದಿನ ಜನರ ಕಡೆ ಸುಲಭಕ್ಕೆ ಹೋಗುವುದಿಲ್ಲ. ಗುಂಪಿನ ನಡುವೆ ಒಬ್ಬರನ್ನೇ ಹಿಡಿಯಬೇಕಾದರೆ ಅದೇ ಗುಣ ತೊಂದರೆ ಕೊಡುತ್ತದೆ. ಅಲ್ಲಿ 9 ಪಾಯಿಂಟ್ ಡೈನಾಮಿಕ್ ಸರಿ, ಅದು ನೀವು ಆರಿಸಿದ ಪಾಯಿಂಟನ್ನೇ ಹಿಡಿದು, ತಪ್ಪಿದರೆ ಮಾತ್ರ ಸುತ್ತಲಿನವುಗಳ ನೆರವು ಪಡೆಯುತ್ತದೆ. ಈ ಕ್ಯಾಮೆರಾದ 51 ಪಾಯಿಂಟ್‌ಗಳಲ್ಲಿ 15 ಮಾತ್ರ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಗುರುತಿಸುವಂಥವು), ಅವು ನಡುವೆ ಇವೆ. ಮೋಡ ಕವಿದಾಗ ನಡುವಿನ ಪಾಯಿಂಟನ್ನೇ ನಂಬಿ. ಫ್ರೇಮನ್ನು ಆಮೇಲೆ ಕ್ರಾಪ್ ಮಾಡಿದರಾಯಿತು.

ಅಂಪೈರ್ ಸಮಸ್ಯೆಗೆ ಮೆನುವಿನಲ್ಲಿ ಫೋಕಸ್ ಟ್ರ್ಯಾಕಿಂಗ್ ವಿತ್ ಲಾಕ್-ಆನ್ 4ಕ್ಕೆ ಏರಿಸಿ. ಯಾರಾದರೂ ಅಡ್ಡ ಹಾದರೆ ಕ್ಯಾಮೆರಾ ಸ್ವಲ್ಪ ಕಾಯುತ್ತದೆ. ಆದರೆ ಪಾಸ್ ಆಗಿ ಚೆಂಡು ಇನ್ನೊಬ್ಬರಿಗೆ ಹೋದಾಗಲೂ ಅದು ಹಾಗೇ ಕಾಯುತ್ತದೆ! ಅದಕ್ಕೇ ಹಿಂಬದಿಯ ಎಇ-ಎಲ್ ಬಟನ್‌ಗೆ ಎಎಫ್-ಆನ್ (ಫೋಕಸ್ ಶುರು ಮಾಡುವ ಕೆಲಸ) ಕೊಡಿ. ಆಮೇಲೆ ಫೋಕಸ್ ಹೆಬ್ಬೆರಳಿನ ಕೆಲಸ, ಶಟರ್ ತೋರುಬೆರಳಿನ ಕೆಲಸ. ಪಾಸ್ ಆದ ಕೂಡಲೇ ಹೆಬ್ಬೆರಳು ಎತ್ತಿ, ಫೋಕಸ್ ಪಾಯಿಂಟನ್ನು ಚೆಂಡು ಸಿಕ್ಕವರ ಮೇಲಿಟ್ಟು ಮತ್ತೆ ಒತ್ತಿ.

500 ಎಂಎಂ, ಎಫ್/5.6ರಲ್ಲಿ 30 ಮೀಟರ್ ದೂರಕ್ಕೆ ಸ್ಪಷ್ಟ ಕಾಣುವ ಆಳ ಸುಮಾರು 80 ಸೆಂಟಿಮೀಟರ್ ಅಷ್ಟೇ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಓಡುವವರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 70 ಸೆಂಟಿಮೀಟರ್ ಬರುತ್ತಾರೆ. ಹಾಗಾಗಿ ಆಟಗಾರರು ಹತ್ತಿರ ಬಂದಾಗ ಜೂಮ್ ಹಿಂದಕ್ಕೆ ತನ್ನಿ. ಕ್ಲಿಕ್ ಮಾಡುವ ಮೊದಲೇ ಅರ್ಧ ಸೆಕೆಂಡು ಅವರನ್ನು ಹಿಂಬಾಲಿಸಿ. ಬಹಳ ಜನ ಈ ಕೆಲಸ ಬಿಟ್ಟುಬಿಡುತ್ತಾರೆ. ಅದು ನನಗೆ ಬೇಜಾರು.

ಶಟರ್ 1/1250ಕ್ಕೆ ತನ್ನಿ, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) ಆಟೋ, ಮಿತಿ 6400. ಲೆನ್ಸಿನ ಫೋಕಸ್ ಲಿಮಿಟರ್ (ಎಷ್ಟು ದೂರದೊಳಗೆ ಫೋಕಸ್ ಹುಡುಕಬೇಕೆಂಬ ಸ್ವಿಚ್) 6 ಮೀಟರ್‌ನಿಂದ ಅನಂತಕ್ಕೆ, ವಿಆರ್ (ಅಲುಗಾಟ ತಡೆಯುವ ಸ್ವಿಚ್) ಸ್ಪೋರ್ಟ್‌ಗೆ.

ನಾಪೋಕ್ಲುವಿನಿಂದ:
ಪೆನಾಲ್ಟಿ ಕಾರ್ನರ್‌ಗೆ ಇಷ್ಟೆಲ್ಲ ಬೇಡ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಈ ಹಬ್ಬ ಶುರು ಮಾಡಿದ ಕಾಲದಲ್ಲಿ ಫಿಲ್ಮ್ ಕ್ಯಾಮೆರಾ ಹಿಡಿದವರು ಒಂದು ಜಾಗಕ್ಕೆ ಫೋಕಸ್ ಇಟ್ಟು ಕಾಯುತ್ತಿದ್ದರು. ಚೆಂಡು ನಿಲ್ಲಿಸುವ ಜಾಗ ಗೋಲಿನ ಮುಂದಿನ ಡಿ ಗೆರೆಯ ಹತ್ತಿರವೇ ಇರುತ್ತದೆ. ಅಲ್ಲಿ ಒಮ್ಮೆ ಫೋಕಸ್ ಮಾಡಿ, ಹೆಬ್ಬೆರಳು ಬಿಟ್ಟು ಕಾಯಿರಿ.

ಗೋಣಿಕೊಪ್ಪದಿಂದ:
ಇವತ್ತಿನ ಮ್ಯಾಚ್ ಮುಗಿಸಿ ಬರೆಯುತ್ತಿದ್ದೇನೆ. ಮೊದಲ ಕ್ವಾರ್ಟರ್ ಪೂರ್ತಿ ಹೆಬ್ಬೆರಳು ಮರೆತುಹೋಗಿ ತುಂಬಾ ಫೋಟೋ ಹೋದವು. ಎರಡನೆಯದರಿಂದ ಕೈ ಒಗ್ಗಿತು. ಪೆನಾಲ್ಟಿ ಕಾರ್ನರ್ ನಾಲ್ಕರಲ್ಲಿ ಮೂರು ಸಿಕ್ಕಿವೆ. ಒಮ್ಮೆ ಅಂಪೈರ್ ನೇರ ಅಡ್ಡ ಓಡಿದರು, ಫೋಕಸ್ ತಂಗಿಯ ಮೇಲೇ ಉಳಿಯಿತು. ಗ್ರೂಪ್‌ನಿಂದ 9 ಪಾಯಿಂಟ್‌ಗೆ ಬದಲಿಸಲು ಮಾತ್ರ ತಡವಾಗುತ್ತಿದೆ, ಅಣ್ಣ.

ಮಡಿಕೇರಿಯಿಂದ:
ಒಂದು ಆಟದಲ್ಲಿ ಬದಲಿಸಲೇ ಬೇಡಿ. ಗೋಲಿನ ಹಿಂದೆ ಕೂತರೆ ಗ್ರೂಪ್, ಪಕ್ಕದ ಗೆರೆಯಲ್ಲಿ ಕೂತರೆ 9 ಪಾಯಿಂಟ್. ತಂಗಿಯ ಆ ಫೋಟೋ ಇಲ್ಲಿ ಹಾಕಿ, ನೋಡಬೇಕು.