ಸಹಾಯ ಬೇಕು: ಡ್ಯಾಶ್‌ಬೋರ್ಡ್‌ನಲ್ಲಿ ಒಂದೇ ಆರ್ಡರ್ ಎರಡು ಸಲ ಲೆಕ್ಕಕ್ಕೆ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಣ್ಣ ವ್ಯಾಪಾರಕ್ಕೆ ಲುಕರ್ ಸ್ಟುಡಿಯೋದಲ್ಲಿ (ಡೇಟಾದಿಂದ ಚಾರ್ಟ್, ವರದಿ ಮಾಡುವ ಗೂಗಲ್‌ನ ಟೂಲ್) ಒಂದು ಡ್ಯಾಶ್‌ಬೋರ್ಡ್ ಮಾಡುತ್ತಿದ್ದೇನೆ. ಡೇಟಾ ಎಲ್ಲಾ ಗೂಗಲ್ ಶೀಟ್ಸ್‌ನಲ್ಲಿದೆ. ಒಂದು ಶೀಟ್‌ನಲ್ಲಿ ಆರ್ಡರ್‌ಗಳು, ಆರ್ಡರ್‌ಗೆ ಒಂದೇ ಸಾಲು. ಇನ್ನೊಂದರಲ್ಲಿ ಬಂದ ಹಣ. ಗ್ರಾಹಕರು ಕಂತಿನಲ್ಲಿ ಕೊಡುವುದರಿಂದ ಅಲ್ಲಿ ಒಂದೇ ಆರ್ಡರ್‌ಗೆ ಎರಡು ಮೂರು ಸಾಲು ಇರುತ್ತವೆ.

ಆರ್ಡರ್ ನಂಬರ್ ಇಟ್ಟುಕೊಂಡು ಎರಡನ್ನೂ ಬ್ಲೆಂಡ್ ಮಾಡಿದೆ, ಅಂದರೆ ಒಂದೇ ಟೇಬಲ್ ಆಗಿ ಜೋಡಿಸಿದೆ. ಜೋಡಿಸಿದ ರೀತಿ ಲೆಫ್ಟ್ ಔಟರ್ ಜಾಯಿನ್: ಆರ್ಡರ್‌ಗಳೆಲ್ಲಾ ಉಳಿಯುತ್ತವೆ, ಹಣ ಬಂದಿದ್ದರೆ ಅದು ಪಕ್ಕದಲ್ಲಿ ಸೇರುತ್ತದೆ. ತೊಂದರೆ ಶುರುವಾಗಿದ್ದೇ ಇಲ್ಲಿ. 1000ದ ಆರ್ಡರ್‌ಗೆ ಒಂದು ತಿಂಗಳು 400, ಮುಂದಿನ ತಿಂಗಳು 600 ಬಂದಿದ್ದರೆ, ಬಂದ ಹಣ ಸರಿಯಾಗಿ 1000 ತೋರಿಸುತ್ತದೆ, ಆದರೆ ಹಣದ ಪ್ರತಿ ಸಾಲಿನ ಪಕ್ಕದಲ್ಲೂ ಆರ್ಡರ್ ಮೊತ್ತ ಮತ್ತೆ ಬರುವುದರಿಂದ ಒಟ್ಟು ಮಾರಾಟ 2000 ಆಗಿಬಿಡುತ್ತದೆ! ಬಾಕಿ ಎಷ್ಟಿದೆ ಅಂತ ನೋಡೋಕೇ ಇದನ್ನೆಲ್ಲಾ ಮಾಡುತ್ತಿರುವುದು, ಆ ಅಂಕಿಯೇ ತಪ್ಪಾದರೆ ಉಳಿದ ಚಾರ್ಟ್‌ಗಳು ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ ಅಲ್ವಾ.

ಕೌಂಟ್ ಡಿಸ್ಟಿಂಕ್ಟ್ (ಒಂದೇ ಆರ್ಡರ್ ನಂಬರ್ ಎಷ್ಟು ಸಲ ಬಂದರೂ ಒಮ್ಮೆ ಮಾತ್ರ ಎಣಿಸುವುದು) ಹಾಕಿ ನೋಡಿದೆ. ಆರ್ಡರ್‌ಗಳ ಸಂಖ್ಯೆ ಸರಿಹೋಯಿತು, ಮೊತ್ತ ಸರಿಹೋಗಲಿಲ್ಲ. ಸಮ್ (ಎಲ್ಲಾ ಕೂಡಿಸುವುದು) ಬದಲು ಮ್ಯಾಕ್ಸ್ (ಅತಿ ದೊಡ್ಡ ಅಂಕಿ) ಹಾಕಿದರೆ ಒಂದೊಂದು ಸಾಲಿಗೆ ಸರಿ, ಕೆಳಗಿನ ಒಟ್ಟು ಮೊತ್ತದಲ್ಲಿ ಮಾತ್ರ ಅತಿ ದೊಡ್ಡ ಆರ್ಡರ್‌ನ ಅಂಕಿಯೊಂದೇ ಬರುತ್ತದೆ. ಬ್ಲೆಂಡ್‌ನಿಂದ ಹಣ ಬಂದ ತಾರೀಖು ತೆಗೆದರೆ ಎಲ್ಲಾ ಸರಿಯಾಗುತ್ತದೆ, ಯಾಕೆಂದರೆ ಆಗ ಆರ್ಡರ್‌ಗೆ ಒಂದೇ ಸಾಲಾಗಿ ಕೂಡುತ್ತದೆ. ಆದರೆ ತಿಂಗಳುವಾರು ಎಷ್ಟು ಹಣ ಬಂತು ಅನ್ನುವ ಚಾರ್ಟ್‌ಗೆ ಆ ತಾರೀಖು ಬೇಕೇ ಬೇಕು. ಗೊಂದಲ ಇರುವುದು ಇದೊಂದರಲ್ಲೇ.

ಈಗ ನನ್ನ ಪ್ರಶ್ನೆ: ಬಾಕಿಗೆ ತಾರೀಖಿಲ್ಲದ ಒಂದು ಬ್ಲೆಂಡ್ ಇಟ್ಟು, ತಿಂಗಳ ಚಾರ್ಟ್‌ಗೆ ಹಣದ ಶೀಟ್ ಅನ್ನು ನೇರವಾಗಿ ಕೊಡಬೇಕಾ? ಅಥವಾ ಶೀಟ್ಸ್‌ನಲ್ಲೇ ಸಮ್‌ಇಫ್ (ಷರತ್ತಿಗೆ ಹೊಂದುವ ಸಾಲುಗಳನ್ನು ಮಾತ್ರ ಕೂಡಿಸುವ ಸೂತ್ರ) ಹಾಕಿ ಆರ್ಡರ್ ಪಕ್ಕದಲ್ಲೇ ಬಂದ ಹಣದ ಕಾಲಂ ಮಾಡಿ, ಬ್ಲೆಂಡ್ ಬಿಟ್ಟೇಬಿಡಬೇಕಾ? ಸಾಲುಗಳು ಜಾಸ್ತಿಯಾದಾಗ ಯಾವುದು ನಿಧಾನ ಆಗುವುದಿಲ್ಲ? ಮಾಡಿ ನೋಡಿದವರು ದಯವಿಟ್ಟು ಹೇಳಿ.