ಗದ್ದೆಗೆ ಇಟ್ಟ ಅಡಿಕೆ ಸಸಿ: ನೀರಿದ್ದೂ ಬಾಡುವುದೇಕೆ?

ಬದಿಯಡ್ಕದಿಂದ:
ಗದ್ದೆಯಲ್ಲಿ ನೆಟ್ಟ ಎರಡು ವರ್ಷದ ಅಡಿಕೆ ಸಸಿಗಳು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಎರಡು ವಾರದಿಂದ ಬುಡದಲ್ಲಿ ನೀರು ನಿಂತಿದೆ. ಕೆಳಗಿನ ಸೋಗೆ ಹಳದಿ. ಬಿಸಿಲು ಬಂದ ದಿನ ಗಿಡ ಬೇಸಗೆಯಲ್ಲಿ ನೀರು ಸಿಗದ ಹಾಗೆ ಜೋಲುತ್ತದೆ. ಅಲ್ಲಿ ಭತ್ತ ಚೆನ್ನಾಗಿಯೇ ಬರುತ್ತಿತ್ತು. ಯೂರಿಯಾ ಹಾಕಲೇ?

ಪೆರ್ಲದಿಂದ:
ಯೂರಿಯಾ ಬೇಡ. ಬೇರು ಉಸಿರು ಕಟ್ಟಿ ಕೂತಿದೆ.

ನೀರಿನಲ್ಲಿ ಆಮ್ಲಜನಕ ಹರಡುವುದು ಗಾಳಿಯಲ್ಲಿಗಿಂತ ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿತೆಂದರೆ, ಉಳಿದ ಆಮ್ಲಜನಕವನ್ನು ಬೇರು ಮತ್ತು ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲಿ ಮುಗಿಸುತ್ತವೆ. ಆಮ್ಲಜನಕ ಇದ್ದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು). ಇಲ್ಲದಾಗ ಹುದುಗುವಿಕೆಯಿಂದ ಬರೀ 2. ಅಷ್ಟು ಶಕ್ತಿಯಲ್ಲಿ ಬೇರು ಗೊಬ್ಬರ ಎಳೆದುಕೊಳ್ಳಲಾರದು. ಜೀವಕೋಶದೊಳಗೆ ಹುಳಿ ಏರಿ, ನೀರು ಒಳಬರುವ ದಾರಿಗಳೂ ಮುಚ್ಚುತ್ತವೆ. ನಿಮ್ಮ ಸಸಿ ಜೋಲುವುದು ಅದಕ್ಕೇ. ಭತ್ತಕ್ಕೆ ಎಲೆಯಿಂದ ಬೇರಿನ ತುದಿವರೆಗೆ ಗಾಳಿ ಇಳಿಯುವ ಟೊಳ್ಳು ದಾರಿಗಳಿವೆ. ಅಡಿಕೆ ಆ ಮಟ್ಟಿಗೆ ಒಗ್ಗಿದ ಗಿಡವಲ್ಲ. ಮಣ್ಣಿನಲ್ಲಿರುವ ನೈಟ್ರೇಟ್ ಕೂಡ ಇಂಥಲ್ಲಿ ಅನಿಲವಾಗಿ ಹಾರಿಹೋಗುತ್ತದೆ.

ಹಸಿ ಸೊಪ್ಪು, ಹಸಿ ಸೆಗಣಿಯನ್ನೂ ಈಗ ಹಾಕಬೇಡಿ. ಅದು ಕೊಳೆಯುವಾಗ ಇದ್ದಬದ್ದ ಆಮ್ಲಜನಕವೂ ಖಾಲಿ.

ಮುಳ್ಳೇರಿಯದಿಂದ:
ಕಣಿ (ನೀರು ಬಸಿಯುವ ಕಾಲುವೆ) ಇದೆಯೇ? ಗದ್ದೆಯ ಜಾಗಕ್ಕೆ ಎರಡು ಸಾಲಿಗೊಂದು ಕಣಿ ಬೇಕೇ ಬೇಕು. ಆಳ 75 ಸೆಂಟಿಮೀಟರಿನಿಂದ 1 ಮೀಟರ್. ಕಣಿಯ ತಳ ನೆಟ್ಟ ಗುಂಡಿಯ ತಳಕ್ಕಿಂತ ಮೇಲಿದ್ದರೆ ಗುಂಡಿಯೇ ಬಾವಿಯಾಗುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ.

ನೀರು ಹೊರಹೋಗುವ ಕಡೆಯಿಂದ ಮೇಲಕ್ಕೆ ಅಗೆಯುತ್ತ ಬನ್ನಿ. ಈ ಮಳೆಯಲ್ಲಿ ಒಮ್ಮೆಲೇ ಪೂರ್ತಿ ಆಳ ತೆಗೆದರೆ ಬದಿ ಕುಸಿಯುತ್ತದೆ. ಈಗ ಒಂದೂವರೆ ಅಡಿ ತೆಗೆದು ನಿಂತ ನೀರು ಇಳಿಸಿ, ಮಳೆ ಬಿಟ್ಟ ಮೇಲೆ ಆಳ ಮಾಡಿ. ತೆಗೆದ ಮಣ್ಣನ್ನು ಬುಡಕ್ಕೆ ಏರಿಸಬೇಡಿ, ಮತ್ತೆ ಗಾಳಿ ತಪ್ಪುತ್ತದೆ.

ಬದಿಯಡ್ಕದಿಂದ:
ಕಣಿ ಒಂದೇ ಅಡಿ ಇದೆ. ನೀರಿನ ಮೇಲೆ ಎಣ್ಣೆಯಂಥ ಪೊರೆ, ಅಡಿಯಲ್ಲಿ ಕೆಂಪು ಕೆಸರು. ಪಂಪಿನ ಡೀಸೆಲ್ ಇರಬಹುದೇ?

ಪೆರ್ಲದಿಂದ:
ಕೋಲಿನಿಂದ ತಾಗಿಸಿ ನೋಡಿ. ಚೂರುಚೂರಾಗಿ ಒಡೆದು ಹಾಗೇ ಉಳಿದರೆ ಕಬ್ಬಿಣ, ಮತ್ತೆ ಕೂಡಿಕೊಂಡರೆ ಎಣ್ಣೆ. ನಮ್ಮ ಮುರಮಣ್ಣಿನಲ್ಲಿ ಕಬ್ಬಿಣ ಧಾರಾಳ. ಆಮ್ಲಜನಕ ಮುಗಿದಾಗ ಅದು ಕರಗಿ ಬಂದು, ಗಾಳಿ ತಾಗಿದಲ್ಲಿ ತುಕ್ಕಾಗಿ ಕೂರುತ್ತದೆ.

ಬುಡದಿಂದ ಒಂದಡಿ ದೂರದಲ್ಲಿ ಎರಡು ಬೇರು ಬಿಡಿಸಿ. ಬಿಳಿ, ಗಟ್ಟಿ ಇದ್ದರೆ ಗಿಡ ಉಳಿಯುತ್ತದೆ. ಸಿಪ್ಪೆ ಬೆರಳಿಗೆ ಕಳಚಿ ಬಂದು ಕೊಳೆತ ಮೊಟ್ಟೆ ನಾತ ಬಂದರೆ ಆ ಬೇರು ಹೋಯಿತು. ನೀರು ಇಳಿದು ಹೊಸ ಬಿಳಿ ಬೇರು ಕಂಡ ಮೇಲೆ, ಸಪ್ಟೆಂಬರ್-ಅಕ್ಟೋಬರಿನ ಕಂತಿನಲ್ಲಿ ಗೊಬ್ಬರ ಕೊಡಿ.